ಗೂಬೆಗೆ ಯಾವ ಲೆನ್ಸ್?

ಅಜ್ಜಾ, ಕ್ಲಾಸಿಗೆ ಲೇವಾರ್ಡನ್‌ಗೆ ಹೊರಟೆ. ಮೆಸೇಜ್ ಮಾಡಿದ್ರೆ ನೀನು ನೋಡಲ್ಲ, ಅದಕ್ಕೇ ಫೋನಲ್ಲಿ ಬರೆದು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೀನಿ 😄

ಕ್ಯಾಮೆರಾ ಅಂಗಡಿಯ ವೀಬ್ರನ್ ಟ್ರೈ ಮಾಡಿ ನೋಡು ಅಂತ ಕೊಟ್ಟ ಎರಡು ಲೆನ್ಸೂ, ಹಗುರದ್ದು ದಪ್ಪದ್ದು, ಟೇಬಲ್ ಮೇಲಿವೆ. ನಾಳೆ ಒಂದು ವಾಪಸ್ ಹೋಗ್ಬೇಕು, ಇವತ್ತೇ ಆರಿಸು.

ಮಧ್ಯಾಹ್ನ ಕಿಟಕಿಯಿಂದ ಗುಬ್ಬಿ ಫೋಟೋ ತೆಗೆದು "ಎರಡೂ ಒಂದೇ" ಅನ್ಬೇಡ, ಪ್ಲೀಸ್. ಬಿಸಿಲಲ್ಲಿ ಎಲ್ಲ ಲೆನ್ಸೂ ಚೆನ್ನಾಗೇ ಇರತ್ತೆ. ಕತ್ತಲಾಗ್ತಾ ಕೊಟ್ಟಿಗೆ ಮಾಡಿನ ಕಿಂಡಿಯಿಂದ ನಮ್ಮ ಗೂಬೆ ಹಾರತ್ತಲ್ಲ, ಆಗ ತೆಗಿ. ಹಗುರದ್ದರಲ್ಲಿ ಅಲುಗಾಟ ತಡೆಯೋ ವ್ಯವಸ್ಥೆ ಇದೆ, ಕೈಯಲ್ಲೇ ಹಿಡಿದು ತೆಗೀಬಹುದು, ಆದ್ರೆ ಹಾರೋ ರೆಕ್ಕೆ ಮಸುಕಾಗತ್ತೆ. ಆ ಮಬ್ಬಲ್ಲಿ ಬೆಳಕು ಹಿಡಿಯೋದು ದಪ್ಪದ್ದೇ, ಮೇಲೆ f/2.8 ಅಂತ ಬರೆದಿರೋ ದೊಡ್ಡ ಬಾಯಿದು.

ಅದನ್ನ ಸ್ಟ್ಯಾಂಡ್ ಮೇಲಿಟ್ಟೇ ತೆಗಿ! ಭುಜದ ಆಪರೇಷನ್ ಮರೀಬೇಡ. ನಿನ್ನೆ ಅಜ್ಜಿ ಅಂದಿದ್ದು ಕೇಳಿಸ್ತಲ್ಲ? "ಕಾಫಿ ಕೆಟಲ್ ಎತ್ತೋಕೆ ಮೊಮ್ಮಗಳು ಬೇಕು, ಈ ಫಿರಂಗಿಯಂಥ ಲೆನ್ಸ್ ಮಾತ್ರ ಒಬ್ರೇ ಹೊರ್ತಾರಂತೆ!" ನಾನೂ ನಕ್ಕೆ, ಸಾರಿ.

ಹಗುರದ್ದು ಇಟ್ಕೊಂಡ್ರೆ ಹಕ್ಕಿ ಫೋಟೋ ತೆಗೆಯೋಕೆ ಒಬ್ಬನೇ ಸೈಕಲ್ ತಗೊಂಡು ಹೋಗ್ಬಹುದು. ದಪ್ಪದ್ದಾದ್ರೆ ಹೊರೋಕೆ ನಾನು ಬರ್ತೀನಿ, ದಾರಿಯುದ್ದಕ್ಕೂ ಬಾಯಿ ಮುಚ್ಚಲ್ಲ. ಅದನ್ನೂ ಯೋಚನೆ ಮಾಡು.

ಆರಿಸೋದು ನೀನೇ. ನನ್ನ ಬೂಟು ಮಾತ್ರ ತೊಳೆದು ಬಾಗಿಲ ಹತ್ರ ಇಟ್ಟಿದೀನಿ.

ಯಿಲ್ಡೌ