ಮಾತಿಗಿಂತ ಮೊದಲು ಬಂದ ಮಾರ್ದನಿ

ಪಾಣೆಮಂಗಳೂರು
೧೪ ನವೆಂಬರ್ ೨೦೨೪

ತಂಗಿ ಜುಲೈಕಾಳಿಗೆ, ಹೊಳೆಬದಿಯ ಮುಂಡಪ್ಪಣ್ಣ ಗಂಟಲು ಸರಿಪಡಿಸಿಕೊಂಡು ಮಾಡುವ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲೇ ನೀನು, "ಬೊಬ್ಬೆ ಹೊಡೀಬೇಡಿ ಅಣ್ಣ, ಇದು ನಾಟಕದ ಸ್ಟೇಜ್ ಅಲ್ಲ, ನನ್ನ ಕಿವಿ. ಬರೆದು ಕಳಿಸಿ ಮಾರಾಯ್ರೆ" ಎಂದೆ. ಸರಿ, ಬರೆಯುತ್ತಿದ್ದೇನೆ. ಆದರೆ ತಿಳಿದಿರಲಿ, ಕಾಗದದಲ್ಲೂ ನನ್ನ ಸ್ವರ ಸಣ್ಣದಲ್ಲ. ಕಡೆಯ ಬೆಂಚಿನವನಿಗೂ ಕೇಳಬೇಕು ಎಂದು ಪಳಗಿದ ಗಂಟಲು ಇದು.

ನಾವು ನೇತ್ರಾವತಿಯ ಮೇಲೆ ತೆಗೆದ ತುಳು ಸಿನೆಮಾ 'ಓಡದಾಯೆ', ಅಂದರೆ ದೋಣಿಯವ, ಇಷ್ಟು ಕಾಲ ಎಲ್ಲಿಯೋ ಮಲಗಿದ್ದು ಈಗ ಎದ್ದಿದೆ. ಕಲೆಕ್ಟರ್ಸ್ ಎಡಿಷನ್ ಅಂತೆ, ಚಂದದ ಪೆಟ್ಟಿಗೆಯೊಳಗೆ ಡಿಸ್ಕ್ ಅಂತೆ. ನಿನ್ನ ಮಗಳು ಆಫ್ರಾ ದುಬೈಯಲ್ಲಿ ಕುಳಿತು ಅದನ್ನು ತರಿಸಿಕೊಡುತ್ತೇನೆ ಎನ್ನುತ್ತಾಳೆ. ನೀನು ಬೆಳ್ತಂಗಡಿಯಲ್ಲಿ ಕುಳಿತು ನನ್ನನ್ನು ಕೇಳುತ್ತೀ. ನೀನು ಕೇಳಿದ ರೀತಿ ನನ್ನನ್ನು ಇನ್ನೂ ಬಿಟ್ಟಿಲ್ಲ. "ಇವರ ಮುಖ ಉಂಟು ಅಣ್ಣ, ಗೋಡೆಯಲ್ಲಿ. ಸ್ವರ ಹೋಯ್ತು. ಎಷ್ಟು ನೆನೆಸಿದ್ರೂ ಬರೂದಿಲ್ಲ. ಆ ಸಿನೆಮಾದಲ್ಲಿ ಅವರ ಸ್ವರ ಉಂಟು ಅಂತ ನೀವು ಯಾವಾಗಲೂ ಹೇಳ್ತೀರಲ್ಲ. ಇದ್ರೆ ತರಿಸುವ. ಇಲ್ಲದಿದ್ರೆ ಆ ಬಣ್ಣದ ಪೆಟ್ಟಿಗೆ ನನಗೆ ಯಾಕೆ?"

ಹೌದು. ನಿನ್ನ ಯಜಮಾನ ಮೊಯ್ದೀನ್ ಮಸ್ಕತ್ತಿಗೆ ಹೋದ, ಅಲ್ಲಿಯೇ ತೀರಿಕೊಂಡ. ಕೈಯಲ್ಲಿ ಮೊಬೈಲ್ ಹಿಡಿದು ಎಲ್ಲರ ಕೆಮ್ಮು ಸೀನನ್ನೂ ತುಂಬಿಸಿಡುವ ಕಾಲ ಅದಲ್ಲ.

ಅವನು ನಮ್ಮ ನಾಟಕ ತಂಡದ ಪ್ರಾಂಪ್ಟರ್ ಎಂದು ನಿನಗೆ ಗೊತ್ತು. ಅವನ ಕೆಲಸದ ಕ್ರಮ ಗೊತ್ತಿರಲಿಕ್ಕಿಲ್ಲ. ನಟ ಮರೆತಾಗ ಮಾತು ಎತ್ತಿಕೊಡುವುದು ಬೇರೆ ಪ್ರಾಂಪ್ಟರುಗಳ ಪದ್ಧತಿ. ಮೊಯ್ದೀನ್ ಹಾಗಲ್ಲ. ಪ್ರತಿ ಮಾತಿನ ಮೊದಲ ಪದವನ್ನು ಸೈಡ್‌ವಿಂಗಿನ ಮರೆಯಿಂದ ಅವನು ಉಸಿರಿನಲ್ಲಿ ಹೇಳುವುದು, ಅದರ ಬೆನ್ನಿಗೆ ನಾವು ಹೇಳುವುದು. ಮರೆತರೂ ಅಷ್ಟೆ, ಮರೆಯದಿದ್ದರೂ ಅಷ್ಟೆ. ಹಾಗೆ ಆಡಿ ಆಡಿ ನಾನು ಎಂಥವನಾದೆನೆಂದರೆ, ಅವನ ಉಸಿರು ಕಿವಿಗೆ ಬೀಳದೆ ಈ ಸಿಂಹ ಗುಹೆಯಿಂದ ಹೊರಡುತ್ತಲೇ ಇರಲಿಲ್ಲ!

ಸಿನೆಮಾದ ಮೊದಲ ದಿನ ಕ್ಯಾಮರಾದ ಎದುರು ದೋಣಿಯಲ್ಲಿ ಕಂಬದ ಹಾಗೆ ನಿಂತೆ. ಮಾತೆಲ್ಲ ಬಾಯಿಪಾಠ, ಆದರೆ ಬಾಯಿ ಬಿಚ್ಚುವುದಿಲ್ಲ. ನಿರ್ದೇಶಕರು ತಲೆಗೆ ಕೈಹೊತ್ತರು. "ಮೊಯ್ದೀನನ್ನು ಕರೆಸಿ" ಎಂದೆ. ನಿಮ್ಮ ಮದುವೆಯಾದ ಹೊಸತು ಅದು. ನಗುತ್ತಲೇ ಬಂದ, ದೋಣಿಯ ಹೊಟ್ಟೆಯಲ್ಲಿ ಮಲಗಿದ, ಮೇಲೆ ಚಾಪೆ ಎಳೆದುಕೊಂಡ. ಸ್ಟುಡಿಯೋದಲ್ಲಿ ಕುಳಿತು ಮಾತು ಕೂಡಿಸುವಷ್ಟು ಶಕ್ತಿ ಆ ಸಿನೆಮಾದವರಿಗೆ ಇರಲಿಲ್ಲ. ಹೊಳೆಯ ಮೇಲೆ ಮೈಕು ಹಿಡಿದದ್ದೇ ಸ್ವರ. ನನ್ನ ಗುಡುಗಿನ ಜೊತೆ ಅವನ ಪಿಸುಮಾತೂ ಒಳಗೆ ಸೇರಿಹೋಯಿತು. ಬಂಟ್ವಾಳದ ಟಾಕೀಸಿನಲ್ಲಿ ಜನ ಅದನ್ನು ಹೊಳೆಯ ಮಾರ್ದನಿ ಅಂದುಕೊಂಡರು. ಮಾತಿಗಿಂತ ಮೊದಲು ಬರುವ ಮಾರ್ದನಿ ಲೋಕದಲ್ಲಿ ಎಲ್ಲಿಯಾದರೂ ಉಂಟಾ ಎಂದು ಒಬ್ಬನಾದರೂ ಕೇಳಬೇಕಲ್ಲ! ನೀನಿದ್ದರೆ ಕೇಳುತ್ತಿದ್ದೆ. ಆದರೆ ಮದುಮಗಳನ್ನು ಟಾಕೀಸಿಗೆ ಕಳಿಸುವ ಪದ್ಧತಿ ಆಗ ನಿಮ್ಮಲ್ಲಿ ಇರಲಿಲ್ಲ.

ಕಣ್ಣಾರೆ ನೋಡದೆ ತೀರ್ಪು ಕೊಡಬಾರದು. ಮೂಡುಬಿದಿರೆಯಲ್ಲಿ ಶಿಶಿರ್ ಎಂಬವರು ಇದ್ದಾರೆ, ಮಿಜಾರಿನ ಕಾಲೇಜಿನಲ್ಲಿ ಪಾಠ ಮಾಡುವವರು, ಹಳೆಯ ಸಿನೆಮಾದ ಹುಚ್ಚಿನವರು. ಆ ಪೆಟ್ಟಿಗೆ ಅವರಲ್ಲಿ ಉಂಟು ಎಂದು ಕೇಳಿ ಬಸ್ಸು ಹತ್ತಿದೆ. ಊಟ ಹಾಕಿಸಿ, ಕಿಟಕಿಗಳಿಗೆಲ್ಲ ಪರದೆ ಎಳೆದು, ನನ್ನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು.

ಪೆಟ್ಟಿಗೆ ಮದುವೆ ಸೀರೆಯ ಪೆಟ್ಟಿಗೆಯಷ್ಟು ದೊಡ್ಡದು. ಒಳಗೆ ಮಡಚಿದ ಪೋಸ್ಟರ್, ಗಾಜಿನ ನಡುವೆ ಸಿಕ್ಕಿಸಿದ ಒಂದು ತುಂಡು ಫಿಲ್ಮ್, ಒಂದು ಪುಸ್ತಕ. ಆ ಪುಸ್ತಕದಲ್ಲಿ ಲೈಟ್ ಹಿಡಿದವರ ಹೆಸರುಂಟು, ಗಂಜಿ ಬೇಯಿಸಿದವರ ಹೆಸರುಂಟು. ಮೊಯ್ದೀನ್ ಇಲ್ಲ. ಅಲ್ಲಿಗೇ ನನ್ನ ಮೀಸೆ ಕುಣಿಯತೊಡಗಿತು.

ಆದರೆ ಚಿತ್ರ! ಅಬ್ಬಬ್ಬಾ, ತಂಗಿ, ಹೇಗೆ ಹೇಳಲಿ! ಟಾಕೀಸಿನ ದಿನಗಳಲ್ಲಿ ಆ ಸಿನೆಮಾದ ಮೇಲೆ ಯಾವಾಗಲೂ ಗೀರುಗಳ ಮಳೆ. ಈಗ ತೊಳೆದಿಟ್ಟ ಹಾಗೆ. ಬೆಳಗಿನ ಮಂಜು ಹೊಳೆಯಿಂದ ಎದ್ದು ಹೊಳೆಗೇ ಇಳಿಯುತ್ತದೆ. ನೀರು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ನರಿಕೊಂಬಿನ ದಡ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ ತೇಲಿ ಬರುತ್ತದೆ. ದೋಣಿಯಲ್ಲಿ ಒಬ್ಬ ದಪ್ಪ ಮೀಸೆಯ ಯುವಕ. ಯಾರಪ್ಪಾ ಇವನು, ಎಲ್ಲಿಯೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ನಾನೇ. ಅವನ ಕಾಲಬುಡದಲ್ಲಿ ಚಾಪೆ. ಆ ಚಾಪೆ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಹಳೆಯ ಪ್ರಿಂಟಿನಲ್ಲಿ ಅದು ಎಂದೂ ಕಂಡಿರಲಿಲ್ಲ. ನಿನ್ನ ಗಂಡ ಉಸಿರಾಡುತ್ತಿದ್ದ, ಜುಲೈಕಾ. ಎಷ್ಟು ಹೊತ್ತು ಹಾಗೆಯೇ ನೋಡಿದೆನೋ. ನಾನು ಕುಳಿತ ಕುರ್ಚಿಯೂ ನೀರಿನ ಮೇಲೆ ಇದ್ದ ಹಾಗಿತ್ತು.

ಆಗ ನನ್ನ ಮಾತು ಬಂತು. ಒಂಟಿಯಾಗಿ.

ಕಿವಿ ಸರಿ ಇಲ್ಲವೇನೋ ಎಂದುಕೊಂಡೆ. ಮುಂದಿನ ಮಾತೂ ಒಂಟಿ. ಅದರ ಮುಂದಿನದೂ ಒಂಟಿ. ಶಿಶಿರ್ ಬಹಳ ಸಂತೋಷದಿಂದ ಹೇಳಿದರು: "ಕೇಳಿದ್ರಾ ಮುಂಡಪ್ಪಣ್ಣ? ಮುಂಚೆ ಡಬಲ್ ಡಬಲ್ ಕೇಳ್ತಿತ್ತಲ್ಲ, ಆ ದೋಷ ಎಲ್ಲ ತೆಗೆದು ಕ್ಲೀನ್ ಮಾಡಿದ್ದಾರೆ."

"ದೋಷವಾ? ಅದು ದೋಷ ಅಲ್ಲ ಸ್ವಾಮೀ, ಅದು ಮೊಯ್ದೀನ್!"

ನಾನು ಎದ್ದು ನಿಂತ ರಭಸಕ್ಕೆ ಪುಸ್ತಕ ಕೆಳಗೆ ಬಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ಅವರ ಹೆಂಡತಿ ತೃಪ್ತಿ ಅಡುಗೆಮನೆಯಿಂದ ಓಡಿ ಬಂದು, "ಎಂತಾಯ್ತು, ಇವರಿಗೆ ಬಿಪಿ ಉಂಟಾ?" ಎಂದು ಕೇಳಿದರು. ನಿನಗೆ ಏನೆಂದು ಬರೆಯಲಿ ಎಂಬ ಒಂದೇ ಯೋಚನೆ ನನಗೆ. ಹೊಳೆಯನ್ನು ತೊಳೆಯುವ ಭರದಲ್ಲಿ ಮನುಷ್ಯನನ್ನೇ ತೊಳೆದುಬಿಟ್ಟರಲ್ಲ!

ಶಿಶಿರ್ ಗಾಬರಿಯಾಗಿ, "ಮೆಲ್ಲ ಅಣ್ಣ, ಮೆಲ್ಲ. ಹಳೇ ಸ್ವರವನ್ನೂ ಇದರಲ್ಲಿ ಬೇರೆ ಇಟ್ಟಿದ್ದಾರೆ. ಯಾರೂ ಹಾಕೂದಿಲ್ಲ. ಹಾಕಿ ನೋಡುವ" ಎಂದು ರಿಮೋಟು ಒತ್ತಿದರು.

ಮೊದಲು ದೋಸೆಗೆ ಹಿಟ್ಟು ಹೊಯ್ದ ಹಾಗೆ ಚುರ್ರೆಂಬ ಸದ್ದು. ಅದರೊಳಗಿನಿಂದ, ಚಾಪೆಯ ಅಡಿಯಿಂದ, ತೆಳ್ಳಗೆ, ಸ್ವಲ್ಪ ಮೂಗಿನಿಂದ, ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಹಾಗೆ "ಯಾನ್..." ಬೆನ್ನಿಗೆ ನನ್ನ ಗುಡುಗು, "ಯಾನ್ ಬತ್ತೆ!" ನಾನು ಬಂದೆ ಎಂದು. ಆಮೇಲೆ ಪ್ರತಿ ಮಾತಿಗೂ ಮೊದಲು ಅವನು ಬಂದ. ಕುರ್ಚಿಯಲ್ಲಿ ಕುಳಿತ ಈ ಮುದುಕನ ತುಟಿಯೂ ತಾನಾಗಿ ಅವನ ಹಿಂದೆಯೇ ಆಡುತ್ತಿತ್ತು.

ಕೊನೆಯಲ್ಲಿ ಒಂದು ದೃಶ್ಯ ಉಂಟು. ದೋಣಿಯವ ಹೊಳೆಯ ನಡುವಿನಿಂದ ಆಚೆ ದಡದ ಹೆಂಡತಿಯನ್ನು ಕರೆಯಬೇಕು. ಬಾಯಿ ತೆರೆಯುತ್ತಾನೆ, ಸ್ವರ ಬರುವುದಿಲ್ಲ, ಒಂದು ಗಳಿಗೆಯ ನಂತರ ಕರೆಯುತ್ತಾನೆ. ಆ ಮೌನವನ್ನು ಆಗ ಪೇಪರಿನವರು ಹೊಗಳಿದ್ದರು. ಈ ಪೆಟ್ಟಿಗೆಯ ಪುಸ್ತಕದಲ್ಲೂ ಅದರ ಮೇಲೊಂದು ಪುಟ ಉಂಟು. ಯಾಕೆ ಹಾಗೆ ನಿಂತಿರಿ ಎಂದವರಿಗೆಲ್ಲ ನಾನು "ಅಭಿನಯ!" ಎಂದು ಮೀಸೆ ತಿರುವುತ್ತಿದ್ದೆ. ಮೊನ್ನೆ ಅದು ಬಂದಾಗ ತೃಪ್ತಿಯವರಲ್ಲಿ ಒಂದು ಲೋಟ ನೀರು ಕೇಳಿದೆ.

ಇನ್ನು ತೀರ್ಪು. ಪೋಸ್ಟರ್ ಬೇಡ. ಗಾಜಿನ ತುಂಡು ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಕಪಾಟಿನ ಮೇಲೆ ಇಡು. ಪುಸ್ತಕವನ್ನು ನಂಬಬೇಡ. ಬೆಲೆ ಜಾಸ್ತಿಯೇ ಆಯಿತು. ಹೊಸ ಸ್ವರ ಒಂದೇ ಇದ್ದಿದ್ದರೆ ಪಾಣೆಮಂಗಳೂರು ಸಂಕದ ಮೇಲಿನಿಂದ ಹೊಳೆಗೆ ಎಸೆಯುವ ಎನ್ನುತ್ತಿದ್ದೆ. ಆದರೆ ತರಿಸು. ಡಿಸ್ಕ್ ಆಡಿಸುವ ಯಂತ್ರವನ್ನೂ ಕಳಿಸಲು ಆಫ್ರಾಳಿಗೆ ಹೇಳು, ಇಲ್ಲದಿದ್ದರೆ ಪೆಟ್ಟಿಗೆ ಷೋಕೇಸಿನಲ್ಲಿಯೇ ಬಾಕಿ. ಶಿಶಿರ್ ಬೆಳ್ತಂಗಡಿಗೆ ಬಂದು ಹಳೆಯ ಸ್ವರಕ್ಕೆ ಹೊಂದಿಸಿ ಕೊಡುತ್ತಾರೆ. ಮೊದಲ ಸಲ ಮನೆಮಂದಿಯನ್ನೆಲ್ಲ ಕರೆದು ಕೂರಿಸಬೇಡ. ಒಬ್ಬಳೇ ನೋಡು.

ಇಂತಿ,
ಯಾವತ್ತೂ ಎರಡನೆಯವನಾಗಿಯೇ ಮಾತಾಡಿದ ನಿನ್ನ ಅಣ್ಣ
ಮುಂಡಪ್ಪ

ತಾ.ಕ.: ಒಬ್ಬಳೇ ಯಾಕೆ ಎಂದು ನೀನು ಕೇಳದೆ ಇರುವವಳಲ್ಲ. ಆ ಕೊನೆಯ ದೃಶ್ಯದಲ್ಲಿ ದೋಣಿಯವನ ಹೆಂಡತಿಯ ಹೆಸರು ಕಲ್ಯಾಣಿ. ಚಾಪೆಯ ಅಡಿಯಿಂದ ಮೊಯ್ದೀನ್ ಅದನ್ನೇ ಎತ್ತಿಕೊಡಬೇಕಿತ್ತು. ಹೊಸ ಮದುಮಗ ನೋಡು, ಬಾಯಿಗೆ ಬಂದದ್ದು "ಜುಲೈಕಾ" ಎಂದು. ಅವನು ಕೊಟ್ಟದ್ದನ್ನೇ ಹೇಳಿ ಅಭ್ಯಾಸವಾದ ನಾನು ಬಾಯಿ ತೆರೆದವನು ಅದನ್ನು ಅಲ್ಲಿಯೇ ನುಂಗಿ ನಿಂತೆ. ಅಭಿನಯ ಅಷ್ಟೇ. ಅಲ್ಲಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡು, ತಂಗಿ. ನಾನು ಸುಮ್ಮನಿರುತ್ತೇನೆ.