ದೀಪ ಹಚ್ಚಿದರೆ ಕುದಿಯುವ ಜೀಪು

ದಾಂಡೇಲಿ
12 ಡಿಸೆಂಬರ್ 2025, ಶುಕ್ರವಾರ

ಗಣೇಶಗುಡಿಯಲ್ಲಿ ಮುನಿಸಿಕೊಂಡು ಕೂತಿರುವ ನಮ್ಮ ಮನೆಯವರಿಗೆ, ಸುನಂದಾ ಮಾಡುವ ನಮಸ್ಕಾರ.

ಇಲ್ಲಿ ನಾನೂ ಅತ್ತೆಯೂ ಆರಾಮ ಇದ್ದೇವೆ. ಜೀಪೂ ಆರಾಮ ಇದೆ. ಅದನ್ನು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ನಾನು ‘ಮೀಟರು’ ಅನ್ನುವಷ್ಟರಲ್ಲಿ ನೀವು "ಅವ್ವಗ ಕೊಡು" ಅನ್ನುತ್ತೀರಿ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ. ನಿಮ್ಮ ಜೊತೆ ರಾಫ್ಟಿಂಗ್ ಕೆಲಸ ಮಾಡುವ ಸಚಿನ ಊರಿಗೆ ಬಂದಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀವು ಪೂರ್ತಿ ಓದುವ ತನಕ ಎದುರಿಗೇ ನಿಂತಿರು ಎಂದು ಅವನಿಗೆ ತಾಕೀತು ಮಾಡಿದ್ದೇನೆ.

ನೀವು ಜೀಪು ಮಾರಲು ಹೊರಟದ್ದು ನನಗೆ ಸರಿ ಬಂದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಯಾಕೆ? ಮಾವನವರ ಕಾಲದ ಜೀಪು ಅದು. ಅದಕ್ಕೆ ನೀವೇ ಕೂತು ಡಿಜಿಟಲ್ ಮೀಟರು ಕೂಡಿಸಿದಿರಿ; ಎಂಜಿನ್ನಿನ ಕಾವು ಎಷ್ಟು ಎಂದು ಅದು ಅಂಕಿಯಲ್ಲಿ ತೋರಿಸಿದ ದಿನ ಓಣಿಗೆಲ್ಲ ಪೇಢೆ ಹಂಚಿದಿರಿ. ಮದುವೆಯಾದಾಗಿನಿಂದ ನೀವು ಅದರ ಬಾನೆಟ್ಟಿನೊಳಗೆ ತಲೆ ತೂರಿಸುವುದು, ನಾನು ಟಾರ್ಚು ಹಿಡಿಯುವುದು. ನಮ್ಮ ಸುಖ ದುಃಖ ಎಲ್ಲ ಅಲ್ಲೇ ನಿಂತು ಮಾತಾಡಿದ್ದೇವೆ. ಜೀಪು ಹೋದರೆ ನೀವು ಮನೆಗೆ ಬರಲು ನೆಪವೂ ಹೋಗುತ್ತದೆ. ನನಗೆ ಅದೇ ಹೆದರಿಕೆ. ಬಾಯಿಬಿಟ್ಟೇ ಹೇಳುತ್ತೇನೆ, ನೀವಿಲ್ಲದೆ ನನಗೆ ಬೇಸರವಾಗಿದೆ.

ದಸರಾದ ದಿನದ್ದು ಇನ್ನೂ ನಿಮ್ಮ ಮನಸ್ಸಿನಲ್ಲಿದೆ ಎಂದು ಗೊತ್ತು. ನಿಮ್ಮ ಕ್ಯಾಂಪಿನವರಿಗೆ ಬನ್ನಿ ಎಲೆ ಕೊಡಲು ಜೀಪಿನಲ್ಲಿ ಹೋಗಿದ್ದೆವು. ಎಲ್ಲರನ್ನೂ ಕರೆದು ಮೀಟರು ತೋರಿಸುತ್ತಿದ್ದಿರಿ. ಹೊತ್ತು ಮುಳುಗಿತ್ತು, ಜೀಪಿನ ದೀಪ ಹಚ್ಚಿದಿರಿ. ಎಂಬತ್ನಾಲ್ಕು ಇದ್ದ ಕಾವು ಒಮ್ಮೆಲೇ ನೂರು ದಾಟಿತು. "ಕುದಿಯಾಕತ್ತೇತಿ, ನೀರ ತರ್ರೋ!" ಎಂದು ನೀವು ಕೂಗಿದ್ದೇ ತಡ, ಒಬ್ಬ ಕೊಡ ತಂದ, ಒಬ್ಬ ಬಕೆಟ್ ತಂದ. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದೆ, ಯಾವಾಗಲೂ ಇರುವಷ್ಟೇ ಬೆಚ್ಚಗಿತ್ತು. ನಗು ಬಂತು, ನಕ್ಕೆ. ಅವರೂ ನಕ್ಕರು. "ನಾಕ ಮಂದ್ಯಾಗ ನನ್ನ ಮಾನ ಕಳದಿ. ನನ್ನ ಮೀಟರ ಸುಳ್ಳ ಹೇಳೂದಿಲ್ಲ" ಎಂದು ಅಲ್ಲೇ ಉಳಿದುಬಿಟ್ಟಿರಿ. ನನಗೆ ಬನ್ನಿ ಕೂಡ ಕೊಡಲಿಲ್ಲ. ಸಚಿನ ನನ್ನನ್ನೂ ಜೀಪನ್ನೂ ಮನೆ ಮುಟ್ಟಿಸಿದ.

ಆಮೇಲೆ ಒಮ್ಮೆ ಬಂದು ಕಾವು ಅಳೆಯುವ ಸೆನ್ಸರ್ ಮೇಲೆ ಸೆನ್ಸರ್ ಬದಲಿಸಿದಿರಿ. ಹಗಲೆಲ್ಲ ಮೀಟರು ಸರಿ ತೋರಿಸಿತು. ಕತ್ತಲಾದ ಮೇಲೆ ಮತ್ತೆ ಅದೇ ಹಾಡು. ಬಾನೆಟ್ಟು ಧಡಕ್ಕನೆ ಮುಚ್ಚಿ ಬಸ್ಸು ಹತ್ತಿದಿರಿ. ನಾನು ಬಟ್ಟೆ ಹೊಲಿಯುತ್ತ ಕೂತಾಗೆಲ್ಲ ಅದನ್ನೇ ಯೋಚಿಸಿದೆ. ಕತ್ತಲಿಗೂ ಕಾವಿಗೂ ಏನು ಸಂಬಂಧ? ಕತ್ತಲಾದರೆ ಜೀಪಿನಲ್ಲಿ ಬದಲಾಗುವುದು ಒಂದೇ, ದೀಪ ಹಚ್ಚುತ್ತೇವೆ.

ಹೋದ ರವಿವಾರ ಅಂಗಳದಲ್ಲಿ ಒಲೆ ಹೂಡಿದೆ. ಬೋಗುಣಿಯಲ್ಲಿ ನೀರು ಕುದಿಸಿ, ನಿಮ್ಮ ಡಬ್ಬಿಯಲ್ಲಿದ್ದ ಇನ್ನೊಂದು ಸೆನ್ಸರನ್ನು ಜೀಪಿಗೆ ಜೋಡಿಸಿ ಅದರಲ್ಲಿ ಇಳಿಬಿಟ್ಟೆ. ಅತ್ತೆ ಸೀಟಿನಲ್ಲಿ ಕೂತು ಮೀಟರು ಓದಿದರು. ತೊಂಬತ್ತೆಂಟು. ಸರಿಯಾಗಿಯೇ ಇತ್ತು. "ಈಗ ಲೈಟ್ ಹಚ್ರಿ" ಅಂದೆ. ನೂರಾ ಹದಿನೆಂಟು! ಬೋಗುಣಿಯಲ್ಲಿ ಅದೇ ನೀರು, ಅದೇ ಗುಳ್ಳೆ. ಅತ್ತೆ ನನ್ನ ಮುಖ ನೋಡಿ, "ಲೈಟ್ ಹಚ್ಚಿದ್ರ ನೀರ ಕಾಯ್ತೈತೇನ? ಹಂಗಿದ್ರ ನಾ ಇಷ್ಟ ವರ್ಷ ಕಟಗಿ ಯಾಕ ಸುಡ್ತಿದ್ನಿ?" ಅಂದರು. ಇಬ್ಬರೂ ನಕ್ಕು ಸಾಕಾಯಿತು. ಹಾಗಾದರೆ ಸೆನ್ಸರಿನದು ತಪ್ಪಿಲ್ಲ, ನೀವು ಬರೆದ ಪ್ರೋಗ್ರಾಮಿನದೂ ತಪ್ಪಿಲ್ಲ. ದೀಪಕ್ಕೂ ಮೀಟರಿಗೂ ಎಲ್ಲೋ ಒಂದು ಗಂಟು ಬಿದ್ದಿದೆ.

ನೀವು ಕಲಿಸಿದ ಹಾಗೇ ಹುಡುಕಿದೆ. ದೀಪದ ಅರ್ಥಿಂಗ್ ವಾಯರೂ ಮೀಟರಿನ ಅರ್ಥಿಂಗ್ ವಾಯರೂ ಒಂದೇ ಬೋಲ್ಟಿಗೆ ಬರುತ್ತವಲ್ಲ, ಬ್ಯಾಟರಿ ಪಕ್ಕದ್ದು, ಮಲ್ಟಿಮೀಟರಿನ ಒಂದು ಕಡ್ಡಿ ಅಲ್ಲಿ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು ವೋಲ್ಟು ನೋಡಿದೆ. ಅಲ್ಲಿ ಸೊನ್ನೆಯೇ ಬರಬೇಕು, ಬಂತು. ದೀಪ ಹಚ್ಚಿದ ಕೂಡಲೇ ಅರ್ಧ ವೋಲ್ಟಿನ ಹತ್ತಿರ ಏರಿತು. ಅಂದರೆ ದೀಪದ ಕರೆಂಟು ತಿರುಗಿ ಹೋಗಲು ದಾರಿ ಇಕ್ಕಟ್ಟಾಗಿದೆ. ಆ ಒತ್ತಡಕ್ಕೆ ಮೀಟರಿನ ಸೊನ್ನೆಯೇ ಮೇಲೆ ಎದ್ದು ಕೂರುತ್ತದೆ. ಸೆನ್ಸರಿನಿಂದ ಬರುವ ವೋಲ್ಟು ಅದಕ್ಕೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ವೋಲ್ಟು ಕಡಿಮೆ ಕಂಡರೆ ಕಾವು ಹೆಚ್ಚು ಎಂದು ತಿಳಿಯುವ ಮೀಟರು ಅದು, ಪಾಪ, ತನಗೆ ಕಂಡದ್ದನ್ನು ಹೇಳಿತು.

ಬೋಲ್ಟು ಬಿಚ್ಚಿದೆ. ಕೆಳಗೆ ಏನಿತ್ತು ಗೊತ್ತೇ? ಬೆಳ್ಳಿ ಬಣ್ಣ! ಫಳಫಳ ಹೊಳೆಯುವ, ಸ್ವಲ್ಪವೂ ಸುಲಿಯದ ಬೆಳ್ಳಿ ಬಣ್ಣ. ದಸರಾದ ಖಂಡೆ ಪೂಜೆಯ ಹಿಂದಿನ ದಿನ ನೀವು ಬಾನೆಟ್ಟಿನೊಳಗೆ ಬ್ರಷ್ಷು ಹಿಡಿದು ಕೂತದ್ದು ನೆನಪಾಯಿತು. "ಪೂಜಿಗೆ ಗಾಡಿ ಮದುಮಗನಂಗ ಕಾಣಬೇಕು" ಎಂದು ಇದ್ದ ಬದ್ದ ಕಬ್ಬಿಣಕ್ಕೆಲ್ಲ ಬಳಿದಿರಿ. ಬಣ್ಣ ಒಣಗಿದ ಮೇಲೆ ಅದರ ಮೇಲೇ ವಾಯರು ಕೂಡಿಸಿದಿರಿ. ಅಯ್ಯ ನಮ್ಮಪ್ಪಾ, ಬಣ್ಣದೊಳಗಿಂದ ಕರೆಂಟು ಹೇಗೆ ಹರಿಯಬೇಕು? ನಾನೂ ಆ ದಿನ ನನ್ನ ಕತ್ತರಿಗೆ ಪೂಜೆ ಮಾಡಿದೆ. ಕುಂಕುಮ ಹಚ್ಚಿದ್ದು ಹಿಡಿಗೆ, ಅಲಗಿಗಲ್ಲ.

ಉಸುಕಿನ ಕಾಗದ ಹಾಕಿ ಕಬ್ಬಿಣ ಕಾಣುವ ತನಕ ತಿಕ್ಕಿ ನಟ್ಟು ಬಿಗಿ ಮಾಡಿದೆ. ದೀಪ ಹಚ್ಚಿದೆ, ಮೀಟರು ಮಿಸುಕಲಿಲ್ಲ. ಸೋಮವಾರ ಸಂಜೆ ಅತ್ತೆಯನ್ನು ಕೂರಿಸಿಕೊಂಡು ದೀಪ ಹಚ್ಚಿಕೊಂಡೇ ಹಳಿಯಾಳ ರಸ್ತೆಯಲ್ಲಿ ದೂರದ ತನಕ ಹೋಗಿ ಬಂದೆ. ಎಂಬತ್ನಾಲ್ಕು ಅಂದರೆ ಎಂಬತ್ನಾಲ್ಕು. ಎಷ್ಟು ಖುಷಿಯಾಯಿತೆಂದರೆ ದಾರಿಯಲ್ಲಿ ಇಬ್ಬರೂ ಮಿರ್ಚಿ ಭಜಿ ತಿಂದೆವು. "ನನ್ನ ಮಗ ಮಾಡಿದ್ದ ಮೀಟರ ಖರೇನ ಐತಿ ನೋಡ" ಎಂದು ಅತ್ತೆ ಭಜಿ ಅಂಗಡಿಯವನಿಗೂ ಹೇಳಿದರು. ನಾನೂ ಅದನ್ನೇ ಹೇಳುತ್ತೇನೆ. ನಿಮ್ಮ ಮೀಟರು ಸುಳ್ಳು ಹೇಳುವಂಥದ್ದಲ್ಲ. ಬೇಕಾದರೆ ಆ ನಾಲ್ಕು ಮಂದಿಯ ಎದುರಿಗೆ ಬಂದು ಹೇಳುತ್ತೇನೆ.

ಜೀಪು ನೋಡಲು ತೇರಗಾಂವದ ಶಿವಲಿಂಗಪ್ಪನವರು ನಾಡಿದ್ದು ರವಿವಾರ ಬರುತ್ತಾರೆ ಎಂದು ಅತ್ತೆಗೆ ಹೇಳಿದ್ದಿರಂತೆ. ಕೊಡುವುದು ತೆಗೆದುಕೊಳ್ಳುವುದು ಮನೆಯವರು ಇಲ್ಲದೆ ಆಗುವ ಮಾತಲ್ಲ. ಶನಿವಾರ ಸಂಜೆಯೇ ಬಂದುಬಿಡಿ. ಅತ್ತೆ ಹೋಳಿಗೆಗೆ ಬೇಳೆ ತಂದಿಟ್ಟಿದ್ದಾರೆ. ನಿಮಗೆ ಕೊಡಬೇಕೆಂದಿದ್ದ ಬನ್ನಿ ಜೀಪಿನಲ್ಲೇ ಇದೆ. ಒಣಗಿದೆ, ಆದರೂ ಬನ್ನಿ ಬನ್ನಿಯೇ.

ನಿಮ್ಮ ದಾರಿ ನೋಡುತ್ತಿರುವ,
ಸುನಂದಾ

ತಾ.ಕ.: ಒಂದು ಬರೆಯುವುದು ಬಿಟ್ಟೆ. ರವಿವಾರ ಶಿವಲಿಂಗಪ್ಪನವರು ಬರುವುದಿಲ್ಲ. ಪೇಟೆಗೆ ಬಂದವರು ಬುಧವಾರವೇ ಮನೆಗೆ ಬಂದಿದ್ದರು. ಅವರು ಚಹಾ ಕುಡಿಯುತ್ತಿದ್ದಾಗ ನಾನು ಹೊರಗೆ ಹೋಗಿ ಆ ನಟ್ಟನ್ನು ಮತ್ತೆ ಸಡಿಲ ಮಾಡಿದೆ. ಆಮೇಲೆ ಜೀಪು ಚಾಲೂ ಮಾಡಿ, ದೀಪ ಹಚ್ಚಿ ಮೀಟರು ತೋರಿಸಿದೆ. "ಯವ್ವಾ, ಇದು ಕುದಿಯಾಕತ್ತೇತಿ, ನಮಗ ಬ್ಯಾಡವಾ" ಎಂದು ಚಪ್ಪಲಿ ಮೆಟ್ಟಿದರು. ಎಲ್ಲ ನೋಡಿದ ಅತ್ತೆ ಅವರ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು. ನಟ್ಟು ಇನ್ನೂ ಸಡಿಲವೇ ಇದೆ. ಅದನ್ನು ತಿರುಗಿಸುವ ಪಾನಾ ಸೀಟಿನ ಮೇಲಿಟ್ಟಿದ್ದೇನೆ. ನೀವು ಬಂದು ಬಿಗಿ ಮಾಡಿ, ಟಾರ್ಚು ನಾನು ಹಿಡಿಯುತ್ತೇನೆ.