ನೀರುಗಂಟಿಯ ಸಾಕ್ಷಿ

ಗಜಾಬಾದ್, ಸೀಸ್ತಾನ
ಹಿಜರಿ ೧೩೨೧, ರಜಬ್ ತಿಂಗಳ ಒಂಬತ್ತು

ನನ್ನ ಕಣ್ಣಿನ ಬೆಳಕಾದ ಮಗಳು ಮಾಹಾತೂನಳಿಗೆ,

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಬಸುರಿ ಕೊಡ ಹೊರಬಾರದೆಂದು ನಿನ್ನ ಅತ್ತೆಗೆ ನಾನು ಹೇಳಿದೆನೆಂದೇ ಹೇಳು, ಬೈದರೆ ನನ್ನನ್ನೇ ಬೈಯಲಿ. ಇಲ್ಲಿ ನೂರಿಪ್ಪತ್ತು ದಿನದ ಗಾಳಿ ನಿಂತು ವಾರವಾಯಿತು. ಬಾಗಿಲಿಗೆ ಒತ್ತಿದ ಮರಳನ್ನು ಇನ್ನೂ ಎತ್ತುತ್ತಲೇ ಇದ್ದೇವೆ. ನಿನ್ನ ಅಮ್ಮ ಹುಟ್ಟುವ ಕೂಸಿಗೆಂದು ಕಾಡುಬಾತಿನ ಪುಕ್ಕ ತುಂಬಿ ದಿಂಬು ಹೊಲಿದಿದ್ದಾಳೆ. ಹೊಲಿದು, ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಹೊಲಿಯುತ್ತಾಳೆ. ಮೊದಲೆರಡು ಹೆರಿಗೆಗೂ ನೀನು ಇಲ್ಲಿಗೇ ಬಂದಿದ್ದೆ. ಈ ಸಲ ಬರುವುದು ಕಷ್ಟವೆಂದು ಅವಳಿಗೆ ಗೊತ್ತು. ಆದರೂ ಹೊಳೆಯ ಕಡೆಯಿಂದ ನಾಯಿ ಬೊಗಳಿದರೆ ಸಾಕು, ಎದ್ದು ಹೋಗಿ ನೋಡಿ ಬರುತ್ತಾಳೆ.

ಗಡಿ ಗುರುತಿಸಲು ಬಂದ ಫಿರಂಗಿ ಸಾಹೇಬನ ಡೇರೆಗಳನ್ನು ನೀನೂ ಆ ದಡದಿಂದ ಕಂಡಿರಬೇಕು. ನಮ್ಮ ಷಾಹನ ಕಡೆಯವರೂ ಆ ದಡದ ಅಮೀರನ ಕಡೆಯವರೂ ನಿನ್ನೂರು ನಮ್ಮದು ನಮ್ಮದು ಎಂದು ಜಗಳವಾಡುತ್ತಿದ್ದರು. ತೀರ್ಪು ಮಾತ್ರ ಮೂರನೆಯವನ ಕೈಯಲ್ಲಿ. ನಲವತ್ತು ವರ್ಷ ಊರಿಗೆ ನೀರು ಹಂಚಿದವನು ನಾನೆಂದು ಹೋದ ಸೋಮವಾರ ನನ್ನನ್ನೇ ಕರೆಸಿದರು. ನಿನ್ನ ಮದುವೆಯಾದಾಗ ಹೊಳೆ ನಿನ್ನೂರಿನ ಮೂಡಣಕ್ಕಿತ್ತಲ್ಲ, ಎಮ್ಮೆ ಹೊಡೆದುಕೊಂಡು ಒಣನೆಲದ ಮೇಲೇ ನಿನ್ನನ್ನು ನೋಡಲು ಬರುತ್ತಿದ್ದೆ. ಏಳು ವರ್ಷದ ಹಿಂದೆ ಆ ನೆರೆಯಲ್ಲಿ ಅದು ಪಡುವಣಕ್ಕೆ ಹೊರಳಿ ನಮ್ಮ ನಡುವೆ ಬಂತು. ಸಾಹೇಬನ ಲೆಕ್ಕ ಸರಳ. ಹೊಳೆ ತಾನಾಗಿ ಬಂದಿದ್ದರೆ ಈಗಿನ ಹೊಳೆಯೇ ಗಡಿ. ಮನುಷ್ಯರು ದಂಡೆ ಕಡಿದು ತಂದಿದ್ದರೆ ಹಳೆಯ ಪಾತ್ರವೇ ಗಡಿ. ಕಡಿದ ಬಾಯಿಯನ್ನು ಮುಚ್ಚಿ ನೀರನ್ನು ಹಿಂದಕ್ಕೆ ಕಳಿಸಬೇಕು.

ಡೇರೆಯ ಹೊರಗೆ ನಮ್ಮ ಕಡೆಯ ಗುಮಾಸ್ತ ನನ್ನ ತೋಳು ಹಿಡಿದ. "ಅಜ್ಜಾ, ಯಾರೋ ಕಡಿದ್ರು ಅಂತ ಒಂದ್ಮಾತು ಹೇಳ್ಬಿಡು. ಊರು ನಮ್ದಾಗುತ್ತೆ, ಮಗಳು ನಿನ್ ಮಗ್ಗುಲಿಗೇ ಬರ್ತಾಳೆ," ಎಂದ. ಒಳಗೆ ಸಾಹೇಬ ಹೊಳೆ ಹೇಗೆ ಬಂತೆಂದು ನಾಲ್ಕು ಸಲ, ನಾಲ್ಕು ರೀತಿಯಲ್ಲಿ ಕೇಳಿಸಿದ, ನಾನು ಮಾತು ತೇಲಿಸಿದೆ. ಹಿಂದೂಸ್ತಾನದ ದುಭಾಷಿಗೆ ಬೇಸರವಾಗಿ, "ಏನಯ್ಯಾ, ನೀರುಗಂಟಿಯಾಗಿ ನೀರಿನ ಸುದ್ದಿ ಗೊತ್ತಿಲ್ವಾ?" ಎಂದು ಗದರಿದ. "ಸ್ವಾಮಿ, ಹೊಳೆ ಯಾರ ಮನೆ ಸೊಸೆಯೂ ಅಲ್ಲ, ಕೂಗಿದ ಕಡೆ ಬರೋಕೆ. ಅದಾಗಿ ಬಂತು," ಎಂದೆ. ಕುರಾನಿನ ಮೇಲೆ ಕೈಯಿಟ್ಟು ಹೇಳಿದೆ. ಸಾಹೇಬ ನಕ್ಕು ಬರೆದುಕೊಂಡ. ಮೂರು ದಿನದಲ್ಲಿ ಗಡಿಗಲ್ಲುಗಳನ್ನು ಹೊತ್ತ ಒಂಟೆಗಳು ಹೊಳೆಯ ಕಡೆಗೆ ಹೊರಟವು.

ಆವತ್ತಿನಿಂದ ನಿನ್ನ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಟ್ಟಿದ್ದಾಳೆ ಎನ್ನುವುದೂ ತಪ್ಪು, ರೊಟ್ಟಿ ಮುಂದಿಡುವಾಗ ಗೋಡೆಗೆ ಹೇಳುತ್ತಾಳೆ: "ಸತ್ಯವಂತರು ಬಂದ್ರು. ಸತ್ಯನೇ ನೆಂಚ್ಕೊಂಡು ತಿನ್ಲಿ." ಅವಳದು ತಪ್ಪಿಲ್ಲ. ಚಳಿಗಾಲದ ಹೊತ್ತಿಗೆ ಎರಡು ದಡದಲ್ಲೂ ಕಾವಲು ಕೂರುತ್ತದಂತೆ, ರಹದಾರಿ ಇಲ್ಲದೆ ದಾಟುವಂತಿಲ್ಲವಂತೆ. ನಾನು ದಿನವೂ ದಂಡೆಗೆ ಹೋಗಿ ಕೂರುತ್ತೇನೆ. ನಿನ್ನೂರಿನ ಹೊಗೆ ಕಾಣುತ್ತದೆ. ಅದರಲ್ಲಿ ನಿನ್ನ ಒಲೆಯ ಹೊಗೆ ಯಾವುದೆಂದು ತಿಳಿಯದೆ ಎಲ್ಲವನ್ನೂ ನೋಡುತ್ತೇನೆ.

ಅಲ್ಲಾಹನು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ತಂಪಾಗಿಡಲಿ. ಅಳಿಯನಿಗೆ ಸಲಾಂ ಹೇಳು. ಮಕ್ಕಳ ಹಣೆಗೆ ನನ್ನ ಮುತ್ತು.

ನಿನ್ನ ಅಪ್ಪ,
ಶಾಹ್‌ದಾದ್

ಮತ್ತೆ: ಬಾತುಕೋಳಿ ಹಿಡಿಯುವ ನಜರ್ ಜೊಂಡಿನ ತೆಪ್ಪದಲ್ಲಿ ಕೂತು "ಕಾಗದ ಬೇಗ ಕೊಡು ಮಾರಾಯಾ" ಎಂದು ಕೂಗುತ್ತಿದ್ದಾನೆ. ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ. ಮಗಳೇ, ಹೊಳೆ ತಾನಾಗಿ ಬರಲಿಲ್ಲ. ದಂಡೆ ಕಡಿದವನು ನಾನು. ನಾನು, ತೀರಿಹೋದ ನಿನ್ನ ದೊಡ್ಡಪ್ಪ, ಎರಡು ಸಲಿಕೆ. ಆ ವರ್ಷ ನಮ್ಮ ಕಾಲುವೆ ಬತ್ತಿ ಗೋಧಿ ಮೊಣಕಾಲೆತ್ತರಕ್ಕೇ ಒಣಗಿತ್ತು. ಒಂದು ಕಾಲುವೆಯಷ್ಟು ನೀರು ಬಂದರೆ ಸಾಕೆಂದು ಕಡಿದೆವು, ನೆರೆಗೆ ಸಿಕ್ಕಿ ಇಡೀ ಹೊಳೆಯೇ ಬಂತು. ಡೇರೆಯಲ್ಲಿ ನಿಜ ಹೇಳಿದ್ದರೆ ನೀನು ಈ ಕಡೆಗೆ ಉಳಿಯುತ್ತಿದ್ದೆ. ಆದರೆ ನಮ್ಮೂರಿನ ಈ ನಲವತ್ತು ಮನೆಗಳಿಗೆ ನೀರಿರುತ್ತಿರಲಿಲ್ಲ. ಕುರಾನ್ ಮುಟ್ಟಿ ಸುಳ್ಳು ಹೇಳಿದೆ. ಅಮ್ಮನಿಗೂ ಇದು ಗೊತ್ತಿಲ್ಲ. ಕಾವಲು ಕೂರುವುದಕ್ಕೆ ಮುಂಚೆ, ಬರುವ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ಸೊಂಟದ ಮಟ್ಟ ನೀರಿರುವ ಕಡೆ ಬಂದು ನಿಂತಿರುತ್ತೇನೆ. ಅಳಿಯ ನಿನ್ನನ್ನು ಹೆರಿಗೆಗೆ ಕಳಿಸಿದರೆ ಹೊತ್ತು ದಾಟಿಸುತ್ತೇನೆ. ಇದನ್ನು ಓದಿ ನಿನಗೆ ಬರಲು ಮನಸ್ಸಾಗದಿದ್ದರೆ, ಆ ದಡಕ್ಕೆ ಬಂದು ಬೈದಾದರೂ ಹೋಗು. ದನಿ ಕೇಳಿದರೆ ಸಾಕು.